ಸಂಚಾರಿ ವಿಜಯ್ ನೆನಪಿಗೆ ಒಂದೇ ಸಿನಿಮಾ ತೋರಿಸುವುದಾದರೆ ಯಾವುದು? ಏನೇನು ತಯಾರಿ ಬೇಕು?

ತೀರ್ಥಹಳ್ಳಿ ಕಡೆಯ ನಿಮ್ಮ ಹವ್ಯಾಸಿ ನಾಟಕ ತಂಡ ಜೂನ್ 15ಕ್ಕೆ, ನಟ ವಿಜಯ್ ತೀರಿಕೊಂಡ ದಿನ, ಊರಿನ ಸಮುದಾಯ ಭವನದಲ್ಲಿ ಅವರದೊಂದು ಸಿನಿಮಾ ತೋರಿಸಬೇಕು ಅಂದಿದ್ದೀರಿ. 'ಹರಿವು' ತೋರಿಸಿ.

ಎಲ್ಲರ ಬಾಯಲ್ಲೂ ಮೊದಲು ಬರುವುದು 'ನಾನು ಅವನಲ್ಲ ಅವಳು'. ಅದರ ತೃತೀಯಲಿಂಗಿ ಪಾತ್ರಕ್ಕೆ ಅವರಿಗೆ 62ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿದ್ದು ನ್ಯಾಯವೇ. ಅದೇ ಸಾಲಿನಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾದದ್ದು ಮಂಸೋರೆ ಅವರ 'ಹರಿವು'; ಅದರಲ್ಲಿ ಅಪ್ಪನ ಪಾತ್ರ ಮಾಡಿದ್ದೂ ಕಡೂರು ತಾಲ್ಲೂಕಿನ ಈ ಹುಡುಗನೇ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೊದಲನೆಯದರಲ್ಲಿ ಸೀರೆ, ನಡಿಗೆ, ದನಿ ಎಲ್ಲವೂ ನಟನಿಗೆ ಆಸರೆ. ಪ್ರಸಾಧನಕ್ಕೂ ಪ್ರಶಸ್ತಿ ಬಂತು. 'ಹರಿವು'ನಲ್ಲಿ ಬಡ ರೈತನೊಬ್ಬ ಸತ್ತ ಮಗನನ್ನು ಟ್ರಂಕಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೊರಡುತ್ತಾನೆ. ಪಕ್ಕದವರಿಗೆ ತಿಳಿಯಬಾರದು, ಹಾಗಾಗಿ ಅಳುವ ಹಾಗೂ ಇಲ್ಲ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತವರಿಗೂ ಮುಟ್ಟಿಸುವ ಅಭಿನಯ ಕಲಿತ ನಿಮ್ಮ ಹುಡುಗರಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಸಿಗಲಿಕ್ಕಿಲ್ಲ.

ಇನ್ನು ತಯಾರಿ. ಓಟಿಟಿ ಚಂದಾ ಇದ್ದರೆ ಊರಿಗೆಲ್ಲ ತೋರಿಸುವ ಹಕ್ಕು ಬರುವುದಿಲ್ಲ. ನಿರ್ಮಾಪಕರಿಂದ ಲಿಖಿತ ಅನುಮತಿ ಬೇಕು. ಕನಿಷ್ಠ ಒಂದು ತಿಂಗಳು ಮೊದಲೇ ಕೇಳಿ, ಫೈಲನ್ನೂ ಅವರಿಂದಲೇ ಪಡೆಯಿರಿ. ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ಗೆ 4 ಜಿಬಿ ಮೀರಿದ ಫೈಲ್ ಕಾಪಿ ಆಗುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿದರೆ ಕೆಲವು ಪ್ರೊಜೆಕ್ಟರ್ ಓದುವುದಿಲ್ಲ. ಲ್ಯಾಪ್‌ಟಾಪಿನಿಂದಲೇ ಹಾಕಿ; ಎಚ್‌ಡಿಎಂಐ ಕೇಬಲ್ 10 ಮೀಟರ್ ಒಳಗಿರಲಿ, ಉದ್ದವಾದಷ್ಟೂ ಚಿತ್ರ ಕಡಿದುಹೋಗುವ ಭಯ. 8 ಅಡಿ ಪರದೆಗೆ 3000 ಲುಮೆನ್ಸ್ ಬೆಳಕಿನ ಪ್ರೊಜೆಕ್ಟರ್ ಸಾಕು, ಆದರೆ ಸಂಜೆ 7.15ಕ್ಕೆ ಮುಂಚೆ ಶುರು ಮಾಡಬೇಡಿ, ಆ ತಿಂಗಳು ಕತ್ತಲಾಗುವುದು ತಡ.

ನಿಜವಾದ ತೊಂದರೆ ಮಳೆ. ಶೀಟಿನ ಮಾಡಿನ ಮೇಲೆ ಮುಂಗಾರು ಬಡಿದರೆ ಈ ಸಿನಿಮಾ ಸತ್ತೇಹೋಗುತ್ತದೆ, ಏಕೆಂದರೆ ಅದರ ಜೀವ ಇರುವುದೇ ಮಾತು ನಿಂತ ಕಡೆ. ಹೆಂಚಿನ ಅಥವಾ ತಾರಸಿ ಕಟ್ಟಡ ಸಿಕ್ಕರೆ, ಚಿಕ್ಕದಾದರೂ, ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಮುಂದಿನ ಸ್ಪೀಕರ್ ಜೋರು ಮಾಡುವ ಬದಲು ಸಭಾಂಗಣದ ಮಧ್ಯಕ್ಕೆ ಇನ್ನೊಂದು ಜೋಡಿ ಇಡಿ, ಕೂತವರ ಕಿವಿಯ ಮಟ್ಟಕ್ಕೆ.

ಕರೆಂಟ್ ಹೋಗೇ ಹೋಗುತ್ತದೆ. ಪ್ರೊಜೆಕ್ಟರ್, ಸ್ಪೀಕರ್, ಲ್ಯಾಪ್‌ಟಾಪ್ ಸೇರಿ ಸುಮಾರು 550 ವ್ಯಾಟ್. 1 ಕೆವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಎರಡು ಗಂಟೆ ತಳ್ಳುತ್ತದೆ. ಇನ್ವರ್ಟರನ್ನು ಯುಪಿಎಸ್ ಮೋಡ್‌ನಲ್ಲಿಡಿ, ಆಗ ಕರೆಂಟ್ ಹೋದ ಕೂಡಲೇ ಬ್ಯಾಟರಿಗೆ ಬದಲಾಗುತ್ತದೆ. ಇಲ್ಲದಿದ್ದರೆ ಕ್ಷಣದ ವ್ಯತ್ಯಯಕ್ಕೂ ಪ್ರೊಜೆಕ್ಟರಿನ ದೀಪ ಆರುತ್ತದೆ, ಅದು ತಣ್ಣಗಾಗಿ ಮತ್ತೆ ಹತ್ತಲು ಕೆಲವು ನಿಮಿಷ ಬೇಕು, ಬಸ್ಸಿನ ದೃಶ್ಯದ ನಡುವೆ ಹಾಗಾದರೆ ಕಟ್ಟಿದ್ದೆಲ್ಲ ಹೋಯಿತು.

ಮುಂದಿನ ವರ್ಷಗಳಿಗೆ 'ನಾತಿಚರಾಮಿ' (2018), 'ತಲೆದಂಡ' (2022). ಎರಡನೆಯದು ತೆರೆ ಕಂಡಾಗ ವಿಜಯ್ ಇರಲಿಲ್ಲ. ಕಾಡು ಕಡಿದು ರಸ್ತೆ ಮಾಡುವ ಕಥೆ, ನಿಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಈ ಸಲ ಮಾತ್ರ 'ಹರಿವು' ಇರಲಿ. ನಟರನ್ನು ಮರುದಿನ ಬೆಳಿಗ್ಗೆ ಕೂರಿಸಿ, ಬಸ್ಸಿನ ಭಾಗವನ್ನು ಶಬ್ದ ತೆಗೆದು ಇನ್ನೊಮ್ಮೆ ಹಾಕಿ.