ಎಲ್ಲ ದೇಶದಲ್ಲೂ ಜನ ವಿಕಿಪೀಡಿಯವನ್ನೇ ಓದುತ್ತಾರಾ? ಕನ್ನಡದ್ದನ್ನು ಯಾಕೆ ಯಾರೂ ತೆರೆಯುವುದಿಲ್ಲ?

ಎಲ್ಲರೂ ಓದುವುದಿಲ್ಲ. ಚೀನಾದಲ್ಲಂತೂ 2019ರಿಂದ ಎಲ್ಲ ಭಾಷೆಯ ವಿಕಿಪೀಡಿಯವೂ ಬಂದ್. ಅಲ್ಲಿ ನಡೆಯುವುದು ಬೈದು (Baidu) ಎಂಬ ಕಂಪನಿಯ ಆನ್‌ಲೈನ್ ವಿಶ್ವಕೋಶ, ಹೆಸರು ಬೈದು ಬೈಕೆ. ನೀವು ಬರೆದದ್ದನ್ನು ಕಂಪನಿ ನೋಡಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನಗೆ ಮಜಾ ಅನಿಸುವುದು ದಕ್ಷಿಣ ಕೊರಿಯಾದ ನಾಮುವಿಕಿ, ವಿಕಿಪೀಡಿಯದ ಹಾಗೆ ಜನರೇ ಬರೆಯುವ ತಾಣ. 2015ರಲ್ಲಿ ಶುರುವಾದದ್ದು. ಅಲ್ಲಿಯವರು ವಿಕಿಪೀಡಿಯಕ್ಕಿಂತ ಇದನ್ನೇ ಜಾಸ್ತಿ ಓದುತ್ತಾರೆ. ಒಂದು ವಾಕ್ಯ ಬರೆದು, ಅದರ ಮೇಲೆ ಅಡ್ಡಗೆರೆ ಎಳೆದು ಹಾಗೇ ಬಿಟ್ಟಿರುತ್ತಾರೆ. ಹೊಡೆದುಹಾಕಿದ ಆ ಮಾತೇ ಜೋಕು! ಸಿನಿಮಾ, ಗೇಮು, ರಾಜಕಾರಣಿಗಳ ಹಳೇ ರಗಳೆ, ಎಲ್ಲವೂ ಉದ್ದಕ್ಕೆ ಸಿಗುತ್ತದೆ. ಬರೆದವರ ಅಭಿಪ್ರಾಯವೂ ನಡುನಡುವೆ ನುಸುಳುತ್ತದೆ. ಪರೀಕ್ಷೆಗೆ ಅದನ್ನು ನಂಬಿ ಕೂರಬೇಡಿ. ಆದರೆ ಬ್ರೌಸರಿನ ಅನುವಾದದಲ್ಲಿ ಓದಿದರೂ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಜರ್ಮನ್ ವಿಕಿಪೀಡಿಯ ಇದಕ್ಕೆ ಪೂರ್ತಿ ಉಲ್ಟಾ. ಹೊಸಬರು ತಿದ್ದಿದ್ದನ್ನು ಪಳಗಿದವರು ನೋಡಿ ಒಪ್ಪಿದ ಮೇಲೇ ಅದು ಎಲ್ಲರಿಗೂ ಕಾಣುವುದು. 2008ರಿಂದ ಹೀಗೇ ನಡೆದಿದೆ. ಜಪಾನಿ ವಿಕಿಪೀಡಿಯದಲ್ಲಿ ಲಾಗಿನ್ ಆಗದೆ ತಿದ್ದುವವರೇ ಬಹಳ. ಅಂದಹಾಗೆ, ಲೇಖನಗಳ ಸಂಖ್ಯೆ ನೋಡಿ ಮರುಳಾಗಬೇಡಿ. ಫಿಲಿಪ್ಪೀನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಬರೆದದ್ದು ಸ್ವೀಡನ್ನಿನ ಒಬ್ಬರು ತಯಾರಿಸಿದ ಬಾಟ್, ಅಂದರೆ ತಾನೇ ಬರೆಯುವ ಪ್ರೋಗ್ರಾಂ.

ಇನ್ನು ನಮ್ಮ ಕಡೆಯ ಕಥೆ. ನಾನು ಕಾರವಾರದವ, ಮನೆಯಲ್ಲಿ ಕೊಂಕಣಿ. ಕೊಂಕಣಿ ವಿಕಿಪೀಡಿಯ ಒಂದೇ, ಲಿಪಿ ಮಾತ್ರ ಮೂರು: ದೇವನಾಗರಿ, ರೋಮನ್, ಕನ್ನಡ. ಕನ್ನಡ ಲಿಪಿಯ ಲೇಖನ ನನಗೆ ಸಲೀಸು. ಗೋವಾದಲ್ಲಿರುವ ನಮ್ಮ ಭಾವನಿಗೆ ಅದರ ಒಂದಕ್ಷರವೂ ತಿಳಿಯುವುದಿಲ್ಲ.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಫೋನಿನಲ್ಲಿ ಹುಡುಕಿದರೆ ಇಂಗ್ಲಿಷಿನದೇ ಮೊದಲು ಬರುತ್ತದೆ, ಜನ ಕನ್ನಡದ್ದನ್ನು ತೆರೆಯದಿರಲು ಅದೊಂದು ಕಾರಣ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅಂಕೋಲೆಯ ಬಂಡಿಹಬ್ಬವನ್ನೇ ತೆಗೆದುಕೊಳ್ಳಿ. ಯಾವ ಮನೆತನಕ್ಕೆ ಯಾವ ಸೇವೆ ಅಂತ ಊರಿನ ಹಿರಿಯರು ಕೂತಲ್ಲೇ ಹೇಳುತ್ತಾರೆ. ಆದರೆ ವಿಕಿಪೀಡಿಯ ಕೇಳುವುದು ಎಲ್ಲಾದರೂ ಪ್ರಕಟವಾದ, ನಂಬಬಹುದಾದ ಆಧಾರ. ‘ನಮ್ಮಜ್ಜ ಹೇಳಿದ್ದು’ ಅಂದರೆ ಅಲ್ಲಿ ನಡೆಯುವುದಿಲ್ಲ. ಆ ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ, ಇಲ್ಲದಿದ್ದರೆ ಬಾಯಿಗೆ ಬಂದದ್ದೆಲ್ಲ ಚರಿತ್ರೆಯಾಗುತ್ತದೆ, ಅಲ್ವಾ? ಆದರೆ ನಮ್ಮವರು ಆಸೆಯಿಂದ ಹುಡುಕುವ ಸಂಗತಿಯೇ ಅಲ್ಲಿ ಇರುವುದಿಲ್ಲ. ನಾಮುವಿಕಿಯಂಥದ್ದು ಕನ್ನಡದಲ್ಲಿ ಬಂದರೆ ಇಂಥವೆಲ್ಲ ಒಳಗೆ ಬರುತ್ತವೆ. ಮೊದಲ ಜಗಳವೂ ಬಂಡಿಹಬ್ಬದ ಪುಟದಲ್ಲೇ ಆಗುತ್ತದೆ, ಬೇಕಾದರೆ ನೋಡಿ.