ಕೂಲರ್‌ಗೆ ನೀರು ಹಾಕುವವರು ಯಾರು?

ಪಿಯುಸಿ ರಿಸಲ್ಟ್ ಬಂದ ಮೇಲೆ, ಕಲಬುರಗಿಯ ನನ್ನ ಕೊಠಡಿಗೆ ಮುಂದಿನ ಓದಿನ ಸಲಹೆ ಕೇಳಲು ಪ್ರತಿ ವರ್ಷ ಒಬ್ಬರಾದರೂ 'ಡಿಸೈನ್ ಓದಬೇಕು' ಎಂದು ಬರುತ್ತಾರೆ. ಅಷ್ಟರಲ್ಲಿ ಐಐಟಿಗಳ ಬಿ.ಡಿಸೈನ್ ಸೀಟಿನ ಯುಸೀಡ್ ಪರೀಕ್ಷೆ ಜನವರಿಯಲ್ಲೇ ಮುಗಿದು ಹೋಗಿರುತ್ತದೆ. ಇದನ್ನು ಬರೆಯುತ್ತಿರುವುದೇ ಅದಕ್ಕೆ.

ಒಬ್ಬ ಹುಡುಗನೂ ಹಾಗೇ ತಡವಾಗಿ ಬಂದ. ಅವನಿಗೆ ಇಂಡಸ್ಟ್ರಿಯಲ್ ಡಿಸೈನ್, ಅಂದರೆ ಬಳಸುವ ಸಾಮಾನುಗಳ ವಿನ್ಯಾಸ, ಓದಬೇಕಿತ್ತು. ಸೈನ್ಸ್ ಓದಿದ್ದ, ಅಂಕ ಸಾಧಾರಣ. ತಂದೆ ದಾಲ್ ಮಿಲ್‌ನಲ್ಲಿ ಕೆಲಸ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಒಂದು ಖಾಸಗಿ ಕಾಲೇಜು ಲಕ್ಷಗಟ್ಟಲೆ ಫೀ ಹೇಳಿತ್ತು. ಊರಲ್ಲಿದ್ದ ಎರಡು ಎಕರೆ ತೊಗರಿ ಹೊಲ ಮಾರಲು ತಂದೆ ತಯಾರಾಗಿದ್ದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೇ ಸಲ ಹುಡುಗ, ತಂದೆ, ಅವ್ವ ಮೂವರೂ ಬಂದರು. ಹುಡುಗ ಫೋನಿನಲ್ಲಿ ಫೋಟೊ ತೋರಿಸಿದ. ಅವರ ಮನೆಗೆ ನಳ ದಿನಾ ಬರುವುದಿಲ್ಲ. ಅವ್ವ ಡ್ರಮ್ಮಿನಿಂದ ಕೊಡದಲ್ಲಿ ತಂದು ಏರ್ ಕೂಲರ್‌ಗೆ ನೀರು ಹಾಕುತ್ತಾರೆ. ಪಕ್ಕದ ಸಣ್ಣ ಕಿಂಡಿಯಲ್ಲಿ ಸುರಿದರೆ ಅರ್ಧ ನೀರು ನೆಲಕ್ಕೆ. ಇವನು ಹಳೆ ಎಣ್ಣೆ ಕ್ಯಾನ್ ಕತ್ತರಿಸಿ, ಕೂಲರ್ ತಲೆಯ ಮೇಲೆ ಕೂರಿಸಿ, ಅಲ್ಲಿಂದ ಟ್ಯಾಂಕಿಗೆ ಪೈಪ್ ಇಳಿಸಿದ್ದ. ಅಚ್ಚುಕಟ್ಟಾದ ಕೆಲಸ. ನಾನು ಹೊಗಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅವ್ವ ಮೆಲ್ಲಗೆ ಹೇಳಿದರು: "ಛಲೋ ಮಾಡ್ಯಾನ್ರಿ. ಆದ್ರ ನಾ ಅದರಾಗ ನೀರ ಹಾಕಂಗಿಲ್ರಿ. ತುಂಬಿದ ಕೊಡ ಅಷ್ಟು ಮ್ಯಾಲ ನನಗ ಎತ್ತಲಿಕ್ಕಿ ಆಗಂಗಿಲ್ಲ."

ಹುಡುಗನ ಮುಖ ಸಣ್ಣದಾಯಿತು. ತಂದೆ ಏನೋ ಹೇಳಲು ಹೋದರು, ನಾನು ಕೈಸನ್ನೆ ಮಾಡಿ ತಡೆದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದವನು ಎದ್ದು ನನ್ನ ಮೇಜಿನ ಪೆನ್ಸಿಲ್ ತೆಗೆದುಕೊಂಡ. "ಅವ್ವಾ, ಕೊಡ ಹಿಡಿದಂಗ ನಿಂದ್ರು. ಎಲ್ಲಿ ತನಕ ಎತ್ತತಿ, ತೋರ್ಸು." ಅವರು ಕೈ ಎತ್ತಿದ ಕಡೆ ಗೋಡೆಯ ಮೇಲೆ ಗೆರೆ ಎಳೆದ. ಅವರ ಎದೆಗಿಂತ ಒಂದು ಗೇಣು ಕೆಳಗೆ.

ಇವನು ಈ ಓದಿಗೆ ತಕ್ಕವನು ಎಂದು ನನಗೆ ಅನ್ನಿಸಿದ್ದು ಫೋಟೊ ನೋಡಿದಾಗಲ್ಲ, ಆ ಗೆರೆ ನೋಡಿದಾಗ. ಇಂಡಸ್ಟ್ರಿಯಲ್ ಡಿಸೈನ್ ಅಂದರೆ ಚಂದ ಚಿತ್ರ ಬರೆಯುವುದಷ್ಟೇ ಅಲ್ಲ. ಸಾಮಾನು ಯಾರ ಕೈಗೆ ಹೋಗುತ್ತದೆ, ಅವರ ತೋಳಿಗೆ ಎಷ್ಟು ಶಕ್ತಿ ಇದೆ ಎಂದು ಕೇಳಿ, ಅಳೆದು, ಮಾಡಿ, ತಪ್ಪಿದರೆ ಮತ್ತೆ ಮಾಡುವುದು. 1958ರಲ್ಲಿ ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಮೆಚ್ಚಿಕೊಂಡದ್ದು ನಮ್ಮ ಲೋಟಾವನ್ನು, ಅಂದರೆ ತಂಬಿಗೆಯನ್ನು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ಎನ್‌ಐಡಿ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಶುರುವಾಯಿತು.

ತಂದೆ ಕೇಳಿದರು, "371ಜೆ ಸರ್ಟಿಫಿಕೇಟ್ ಅಲ್ಲಿ ನಡೀತದೇನ್ರಿ?" ಇಲ್ಲ. ಅದು ನಮ್ಮ ಕಲ್ಯಾಣ ಕರ್ನಾಟಕದವರಿಗೆ ರಾಜ್ಯದ ಸೀಟುಗಳಲ್ಲಿ ಸಿಗುವ ಮೀಸಲಾತಿ; ಎನ್‌ಐಡಿ, ಐಐಟಿ ಕೇಂದ್ರದವು. ಆದರೆ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟಿಗೆ ಅದು ಕೆಲಸಕ್ಕೆ ಬರುತ್ತದೆ. ಅದಕ್ಕೇ ನಾನು ಹೇಳಿದ್ದು: ಹೊಲ ಮಾರಬೇಡಿ. ಇಲ್ಲೇ ಮೆಕ್ಯಾನಿಕಲ್ ಸೇರಲಿ. ಪಿಯುಸಿ ಮುಗಿದ ಮರುವರ್ಷವೂ ಯುಸೀಡ್ ಬರೆಯಬಹುದು, ಜನವರಿಯಲ್ಲಿ ಬರೆಯಲಿ. ಸಿಗದಿದ್ದರೆ ಡಿಗ್ರಿ ಮುಗಿಸಿ ಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್ಸಿ ಅಥವಾ ಬಾಂಬೆ ಐಐಟಿಯ ಎಂ.ಡಿಸೈನ್‌ಗೆ ಹೋಗಬಹುದು. ಕೆಲಸ ಬೆಂಗಳೂರು, ಪುಣೆ ಕಡೆಗೇ ಜಾಸ್ತಿ, ಊರು ಬಿಡಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

'ಮಗುವಿನ ಕನಸಿಗೆ ಕಲ್ಲು ಹಾಕಿದಿರಿ' ಎಂದು ಜೊತೆಯವರೊಬ್ಬರು ಅಂದರು. ನಾನು ಒಪ್ಪುವುದಿಲ್ಲ. ಮನೆಯವರ ಹೊಲದ ಭಾರ ಹೊತ್ತ ಹುಡುಗನಿಗೆ ತಪ್ಪು ಮಾಡಲು ಧೈರ್ಯ ಬರುವುದಿಲ್ಲ. ಈ ಓದಿನಲ್ಲಿ ತಪ್ಪು ಮಾಡದೆ ಕಲಿಯಲಿಕ್ಕೆ ಆಗುವುದೇ ಇಲ್ಲ.

ಅವನಿಗೆ ಇನ್ನೊಂದು ಮಾತು ಹೇಳಿದ್ದೆ. ಒಂದು ನೋಟ್‌ಬುಕ್ ಇಡು. ಯಾರಿಗಾಗಿ ಮಾಡಿದೆ, ಏನು ಅಳೆದೆ, ಎಲ್ಲಿ ಕೆಟ್ಟಿತು, ತಾರೀಖು ಹಾಕಿ ಬರೆ. ಮುಂದೆ ಸಂದರ್ಶನದಲ್ಲಿ, ಕೆಲಸ ಕೊಡುವಲ್ಲಿ, ಕೇಳುವುದು ಇದನ್ನೇ.

ಆಗಸ್ಟಿನಲ್ಲಿ ನೋಟ್‌ಬುಕ್ ತಂದು ತೋರಿಸಿದ. ಮೊದಲ ಪುಟದಲ್ಲಿ ಎರಡೇ ಸಾಲು: "ಕ್ಯಾನ್ ಕೆಳಗೆ ಇಳಿಸಿದೆ. ಅವ್ವ ಈಗ ಅದರಲ್ಲೇ ನೀರು ಹಾಕುತ್ತಾಳೆ."