ಹಾಜರಿ ಯಂತ್ರ ಯಾರ ಮುಖ ಗುರುತಿಸುತ್ತದೆ?

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ರೈಟರ್ (ಆಳುಗಳ ಲೆಕ್ಕ ಬರೆಯುವವರು) ಒಬ್ಬರು ಪತ್ರ ಬರೆದಿದ್ದಾರೆ. ತೋಟಕ್ಕೆ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದಿದೆಯಂತೆ. ಗಂಡಾಳುಗಳ ಹಾಜರಿ ಸಲೀಸಾಗಿ ಬೀಳುತ್ತದೆ. ಹೆಣ್ಣಾಳುಗಳು, ಅದರಲ್ಲೂ ಯರವ ಬುಡಕಟ್ಟಿನ ಹೆಂಗಸರು, ಮೂರು ನಾಲ್ಕು ಸಲ ನಿಲ್ಲಬೇಕು. ‘ಯಂತ್ರಕ್ಕೆ ಬಣ್ಣ, ಹೆಣ್ಣು-ಗಂಡು ಎಲ್ಲಿಂದ ಗೊತ್ತು? ಇವರೇ ನೆಟ್ಟಗೆ ನಿಲ್ಲುವುದಿಲ್ಲ’ ಎಂಬುದು ಅವರ ವಾದ.

ಸಂಪಾದಕರ ಉತ್ತರ:

ಬಾರದವರ ಹೆಸರಿಗೆ ಚೆಕ್‌ರೋಲಿನಲ್ಲಿ, ಅಂದರೆ ತೋಟದ ಹಾಜರಿ ಪುಸ್ತಕದಲ್ಲಿ, ಹಾಜರಿ ಬೀಳುವುದು ಯಂತ್ರದಿಂದ ನಿಂತಿದೆ ಎಂದಿದ್ದೀರಿ. ಒಪ್ಪಿದೆ. ಆದರೆ ತೊಂದರೆ ಯಾರಿಗೆ ಹೆಚ್ಚು ಎಂದು ಇಷ್ಟು ಸರಿಯಾಗಿ ಗಮನಿಸಿದ ನೀವು, ತಪ್ಪನ್ನು ಅವರ ತಲೆಗೇ ಕಟ್ಟಿದ್ದು ನ್ಯಾಯವಲ್ಲ.

ಯಂತ್ರ ಕಲಿಯುವುದು ಅದಕ್ಕೆ ತೋರಿಸಿದ ಫೋಟೋಗಳಿಂದ. ಯಾರ ಫೋಟೋ ಕಡಿಮೆಯೋ ಅವರ ವಿಷಯದಲ್ಲಿ ಅದು ಎಡವುತ್ತದೆ. 2018ರಲ್ಲಿ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು ಆಫ್ರಿಕಾದ ಮೂರು, ಯುರೋಪಿನ ಮೂರು ದೇಶಗಳ 1,270 ಸಂಸದರ ಫೋಟೋ ಇಟ್ಟುಕೊಂಡು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ತಂತ್ರಾಂಶ ಪರೀಕ್ಷಿಸಿದರು. ಬಿಳಿ ಗಂಡಸರಲ್ಲಿ ತಪ್ಪು ಶೇ. 0.8 ದಾಟಲಿಲ್ಲ; ಕಪ್ಪು ಹೆಂಗಸರಲ್ಲಿ ಶೇ. 34.7ರವರೆಗೂ ಹೋಯಿತು. ಒಟ್ಟು ಸರಾಸರಿ ಕೇಳಿದ್ದರೆ ಮೂರೂ ಶೇ. 87ಕ್ಕಿಂತ ಹೆಚ್ಚು ಸರಿ ಎಂದೇ ಉತ್ತರ ಬರುತ್ತಿತ್ತು. ಯಂತ್ರ ಮಾರುವವರು ನಿಮಗೆ ಹೇಳುವುದೂ ಆ ಸರಾಸರಿಯನ್ನೇ. ಹೆಂಗಸರಿಗೆ ಎಷ್ಟು, ಕಪ್ಪು ಮೈಬಣ್ಣದವರಿಗೆ ಎಷ್ಟು ಎಂದು ಬಿಡಿಸಿ ಕೇಳಿ.

ಇನ್ನು ನಿಮ್ಮ ತೋಟದ ಬೆಳಕು. ಯಂತ್ರವನ್ನು ಆಫೀಸಿನ ಒಳಗೋಡೆಗೆ ಬಾಗಿಲ ಕಡೆ ಮುಖ ಮಾಡಿ ಹಾಕಿದ್ದರೆ, ಆಳುಗಳ ಬೆನ್ನ ಹಿಂದೆ ಬಿಸಿಲು ಬಿದ್ದ, ಕಾಫಿ ಒಣಗಿಸುವ ಕಣ ಇರುತ್ತದೆ. ಕ್ಯಾಮೆರಾ ಆ ಬಿಸಿಲಿಗೆ ಹೊಂದಿಕೊಂಡು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಬೆಳ್ಳಗಿನ ಮುಖದಲ್ಲಿ ಆಗಲೂ ಕಣ್ಣು ಮೂಗು ಕಾಣುತ್ತವೆ, ಕಪ್ಪು ಮುಖದಲ್ಲಿ ಅಳಿಸಿಹೋಗುತ್ತವೆ. ಆದ್ದರಿಂದ ಬೆಳಕು ಮುಖದ ಮೇಲೆ ಬೀಳುವಂತೆ ಯಂತ್ರವನ್ನು ತಿರುಗಿಸಿ ಹಾಕಿ, ಬೆನ್ನ ಹಿಂದೆ ಗೋಡೆ ಇರಲಿ. ಎಲ್ಲರ ಫೋಟೋ ಹೊಸದಾಗಿ ತೆಗೆಯಿರಿ: ತಲೆವಸ್ತ್ರ ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ, ಮಳೆಗಾಲದಲ್ಲಿ ಕೊಪ್ಪೆ ಹಾಕಿದಾಗ ಇನ್ನೊಮ್ಮೆ.

ಒಂದು ಎಚ್ಚರಿಕೆ. ದೂರು ಹೇಳಿದರೆ ಕಂಪನಿಯವರು ಬಂದು ಹೋಲಿಕೆಯ ಮಿತಿಯನ್ನು, ಅಂದರೆ ಮುಖ ಫೋಟೋವನ್ನು ಎಷ್ಟು ಹೋಲಬೇಕೆಂಬ ಅಳತೆಯನ್ನು, ಸಡಿಲ ಮಾಡಿ ಹೋಗಬಹುದು. ಆಗ ಹಾಜರಿ ಬೇಗ ಬೀಳುತ್ತದೆ, ಆದರೆ ಒಬ್ಬಳದು ಇನ್ನೊಬ್ಬಳ ಹೆಸರಿಗೆ ಬೀಳತೊಡಗುತ್ತದೆ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್ 2019ರಲ್ಲಿ 189 ತಂತ್ರಾಂಶಗಳನ್ನು ಪರೀಕ್ಷಿಸಿದಾಗ ಇಂಥ ಅದಲುಬದಲು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಕಂಡಿತು. ಆಫ್ರಿಕಾ, ಏಷ್ಯಾ ಮೂಲದ ಮುಖಗಳಲ್ಲಿ ಅದು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಾದ ತಂತ್ರಾಂಶಗಳೂ ಇದ್ದವು. ನೀವು ಮೆಚ್ಚಿದ ಆ ಸುಳ್ಳು ಹಾಜರಿಯ ತಡೆಯೂ ಅಲ್ಲಿಗೆ ಮುಗಿಯಿತು.

ಇದು ನಿಮ್ಮ ತೋಟದ ಗೇಟಿನೊಳಗಿನ ಮಾತು ಮಾತ್ರವಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ 2023ರ ಜನವರಿಯಿಂದ ಮೊಬೈಲ್ ಫೋಟೋ ಹಾಜರಿ ಕಡ್ಡಾಯವಾಯಿತು. ಅಂಗನವಾಡಿಯ ಆಹಾರದ ಪೊಟ್ಟಣಕ್ಕೂ ತಾಯಿ ಮುಖ ತೋರಿಸಬೇಕು. ಎಲ್ಲ ಕಡೆಯೂ ಯಂತ್ರ ತಪ್ಪಿದರೆ ‘ನಾನೇ ನಾನು’ ಎಂದು ರುಜುವಾತು ಮಾಡುವ ಹೊಣೆ ಅತ್ಯಂತ ಬಡವಳ ಮೇಲೆ. ಯಂತ್ರ ಕೊಂಡವರನ್ನೂ ಮಾರಿದವರನ್ನೂ ಕೇಳುವವರಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಸಾಲಿನಲ್ಲಿ ಕಳೆದ ಅರ್ಧ ಗಂಟೆಗೆ ಕೊಯ್ಲಿನ ದಿನ ಬೆಲೆಯಿದೆ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವಳಿಗೆ ಅಷ್ಟು ಹಣ್ಣು ಕಡಿಮೆ.

ನಿಮ್ಮ ಕೈಯಲ್ಲಿ ಚೆಕ್‌ರೋಲ್ ಇದೆ. ಎರಡು ವಾರ ಯಂತ್ರದ ಜೊತೆ ಪುಸ್ತಕವನ್ನೂ ಬರೆಯಿರಿ. ಪ್ರತಿ ಸಲ ಯಂತ್ರ ತಿರಸ್ಕರಿಸಿದಾಗ ಹೊತ್ತು, ಬೆಳಕು, ಹೆಣ್ಣೋ ಗಂಡೋ, ಎಷ್ಟನೇ ಸಲಕ್ಕೆ ಬಿತ್ತು ಎಂದು ಗುರುತು ಹಾಕಿ. ಎರಡನೇ ಸಲವೂ ಬೀಳದಿದ್ದರೆ ನೀವೇ ಕೈಯಲ್ಲಿ ಹಾಜರಿ ಹಾಕಿ ಕೆಲಸಕ್ಕೆ ಕಳುಹಿಸಿ. ಯಂತ್ರದ ಮಾತಿನ ಮೇಲೆ ಯಾರ ಕೂಲಿಯೂ ಮುರಿಯಬಾರದೆಂದು ಮಾಲೀಕರಿಗೆ ಹೇಳಿ. ಆ ಲೆಕ್ಕವನ್ನು ಹೆಸರು ಬಿಟ್ಟು ನಮಗೆ ಕಳುಹಿಸಿ, ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.